ವಿರುಪಮ್ಮ ಕೊಡದ ಗುಳಿಗೆ

ಎಮ್ಮಿಗನೂರಿನಲ್ಲಿ ಭತ್ತದ ನಾಟಿ ಮಾಡುವ ಹೆಂಗಸರು ಬುತ್ತಿಯನ್ನು ಒಬ್ಬೊಬ್ಬರೇ ಉಣ್ಣುವುದಿಲ್ಲ. ರೊಟ್ಟಿ, ಚಟ್ನಿ, ಎಲೆ-ಅಡಿಕೆ ಎಲ್ಲವೂ ಬದುವಿನ ಮೇಲೆ ಎಲ್ಲರದಾಗುತ್ತದೆ. ಗುಳಿಗೆಯೂ ಹಾಗೇ. ಗದ್ದೆಯಲ್ಲಿ ಮೂತ್ರಕ್ಕೆ ಕೂರಲು ಮರೆ ಇಲ್ಲವೆಂದು ಅವರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಯಾರಿಗಾದರೂ ಉರಿಮೂತ್ರ ಇದ್ದೇ ಇರುತ್ತದೆ. ಒಬ್ಬರಿಗೆ ಡಾಕ್ಟರು ಬರೆದ ಗುಳಿಗೆಯನ್ನು ಎಲ್ಲರೂ ಎರಡೆರಡು ನುಂಗಿ, ಉರಿ ತಗ್ಗಿದರೆ ಕೆಸರಿಗೆ ಇಳಿಯುತ್ತಾರೆ.

ಗುಂಪಿನ ಹಿರಿಯಳಾದ ನಮ್ಮತ್ತೆ ವಿರುಪಮ್ಮನಿಗೆ ಈ ಸಲ ತಗ್ಗಲಿಲ್ಲ. ಸೊಂಟ ಹಿಡಿಯಿತು, ಚಳಿಜ್ವರ ಬಂತು. ಹೊಸಪೇಟೆಗೆ ಕರೆದುಕೊಂಡು ಹೋದೆ. ಮೂತ್ರದ ಕಲ್ಚರ್ ವರದಿ ನೋಡಿದ ಡಾಕ್ಟರಮ್ಮ, ಕರುಳಿನಲ್ಲಿರಬೇಕಾದ ಇ. ಕೊಲೈ ಎಂಬ ಬ್ಯಾಕ್ಟೀರಿಯಾ ಮೂತ್ರಚೀಲ ಹೊಕ್ಕಿದೆ, ಹಳೆಯ ಗುಳಿಗೆಗೆ ಅದು ಜಗ್ಗುವುದಿಲ್ಲ ಎಂದರು. ಅರ್ಧಂಬರ್ಧ ನುಂಗಿದರೆ ಗಟ್ಟಿ ಇದ್ದವು ಉಳಿದು ಹೆಚ್ಚುತ್ತವಂತೆ.

"ನಮ್ ಜೋಡಿ ಉಂಡುಂಡು ಅವಕ್ಕೂ ರೂಢಿ ಆಗೇತೇನ್ರಿ?" ಅಂದಳು ಅತ್ತೆ.

ಡಾಕ್ಟರಮ್ಮ ನಕ್ಕರು. ಹೊಸ ಗುಳಿಗೆ ಒಂದೂ ಬಿಡದೆ ಮುಗಿಸಬೇಕು, ಇಲ್ಲದಿದ್ದರೆ ಕಿಡ್ನಿಗೆ ಕುತ್ತು ಎಂದು ಹೇಳುವಾಗ ಮಾತ್ರ ನಗಲಿಲ್ಲ.

ಜ್ವರ ಇಳಿದ ಸಂಜೆ ಪಂಪಮ್ಮ ಬಂದಳು. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಪಕ್ಕದ ಸಾಲಿನಲ್ಲೇ ನಾಟಿ ಮಾಡಿದವಳು. ತನಗೂ ಉರಿ, ಎರಡು ಗುಳಿಗೆ ಕೊಡು ಎಂದಳು. ಅತ್ತೆ ಗುಳಿಗೆಯ ಮೇಲೆ ಕೈಯಿಟ್ಟು, ಒಂದೂ ಬಿಡದೆ ಮುಗಿಸದಿದ್ದರೆ ಕಿಡ್ನಿಗೆ ಕುತ್ತಂತೆ ಎಂದಳು.

"ಕಿಡ್ನಿ ನಿನಗೊಬ್ಬಾಕಿಗೇ ಐತೇನ?"

ಅತ್ತೆ ಯಾರಿಗೂ ಏನನ್ನೂ ಇಲ್ಲ ಅಂದವಳಲ್ಲ.

"ಕೊಡಂಗಿಲ್ಲ," ಅಂದಳು ಕೊನೆಗೆ. "ನಿನ್ನ ಹೊಟ್ಟ್ಯಾಗಿನ ಹುಳ ಯಾವುದೋ ಏನೋ. ನಾಳೆ ಹೊಸಪ್ಯಾಟಿಗೆ ಹೋಗಾಣ ನಡಿ."

ಪಂಪಮ್ಮ ಚಹಾ ಮುಟ್ಟದೆ ಎದ್ದು ಹೋದಳು.

ಬೆಳಿಗ್ಗೆ ಅತ್ತೆ ಒಳ್ಳೆಯ ಸೀರೆ ಉಟ್ಟು ಅವಳ ಬಾಗಿಲಲ್ಲಿ ಕುಳಿತುಬಿಟ್ಟಳು. ಅತ್ತೆಯನ್ನು ಎಬ್ಬಿಸಲಾಗದೆ ಪಂಪಮ್ಮ ಹೊರಟಳು, ಜೊತೆಗೆ ನಾನೂ. ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿದವಳು ಕಂಪ್ಲಿ ದಾಟಿದರೂ ತಿರುಗಲಿಲ್ಲ. ಲ್ಯಾಬಿನವರು ಕೊಟ್ಟ ಡಬ್ಬಿ ಹಿಡಿದು ಒಳಗೆ ಹೋದವಳು ಖಾಲಿ ಡಬ್ಬಿಯೊಂದಿಗೇ ಬಂದಳು. ನಿನ್ನೆಯಿಂದ ನೀರೇ ಕುಡಿದಿರಲಿಲ್ಲ.

ಅತ್ತೆ ನೀರಿನ ಬಾಟಲಿ ತಂದು ಮಡಿಲಲ್ಲಿಟ್ಟಳು. ಪಂಪಮ್ಮ ಗಟಗಟ ಕುಡಿದು ಬಾಯಿ ಒರೆಸಿಕೊಂಡಳು.

"ಉಚ್ಚಿ ಬರೋತನಕ ಮಾತಾಡಿಸಬ್ಯಾಡ."

ಅತ್ತೆ ಮಾತಾಡಿಸಲಿಲ್ಲ. ಮೂವರೂ ಬೆಂಚಿನ ಮೇಲೆ ಕಾಯುತ್ತ ಕುಳಿತೆವು.