ಬಲಗಡೆಯ ಕೋಟೆ

"ಈಗ ನಿಮ್ಮ ಬಲಗಡೆಗೆ ನೋಡಿ," ಎಂದು ಚಿಗುಸ ಬಿಳಿ ಕೈಗವಸು ತೊಟ್ಟ ಕೈಯನ್ನು ಚಾಚಿದಳು. "ರೈತನ ಮಗನೊಬ್ಬ ದೇಶಕ್ಕೇ ಒಡೆಯನಾಗಿ ಕಟ್ಟಿಸಿದ ಒಸಾಕಾ ಕೋಟೆ!"

ಕೈ ಸರಿಯಾಗಿಯೇ ಕೋಟೆಯನ್ನು ತೋರಿಸುತ್ತಿತ್ತು, ತಪ್ಪಿದ್ದು ಬಾಯಿ. ಕೋಟೆ ತನ್ನ ಹಸಿರು ಮಾಡಿನ ಸಮೇತ ಪ್ರಯಾಣಿಕರ ಎಡಗಡೆಯ ಕಿಟಕಿಯಲ್ಲಿ ಹಾಯಾಗಿ ನಿಂತಿತ್ತು. ಆದರೆ ಬಸ್ಸಿನಲ್ಲಿದ್ದ ನಲವತ್ತೆರಡು ಹೆಂಗಸರೂ ಕೈಯನ್ನು ಬಿಟ್ಟು ಬಾಯಿಯನ್ನು ನಂಬಿ, ಬೇಕೆಂದೇ, ಬಲಕ್ಕೆ ತಿರುಗಿದರು. ಅಲ್ಲಿದ್ದದ್ದು ಕಾರು ನಿಲ್ಲಿಸುವ ಜಾಗ.

ಗೈಡ್ ಆದವಳು ರಸ್ತೆಗೆ ಬೆನ್ನು ಕೊಟ್ಟು ಪ್ರಯಾಣಿಕರಿಗೆ ಮುಖ ಮಾಡಿ ನಿಲ್ಲುತ್ತಾಳೆ. ಅವಳ ಬಲ ಅವರ ಎಡ. ತರಬೇತಿಯ ಮೊದಲ ದಿನವೇ ಕಲಿಸುವ ಈ ಪಾಠವನ್ನು ಚಿಗುಸ ನಿದ್ದೆಯಲ್ಲೂ ಒಪ್ಪಿಸಬಲ್ಲಳು. ಆದರೆ ಕೊನೆಯ ಸೀಟಿನಲ್ಲಿ ಅಂಕಪಟ್ಟಿ ಹಿಡಿದು ತೊಕುಯಾಮಾ ಮೇಡಂ ಕೂತಿದ್ದರೆ ಎಂಥ ಪಾಠವೂ ಕೈಕೊಡುತ್ತದೆ. ಮೂವತ್ತು ವರ್ಷ ಗೈಡಾಗಿದ್ದು ಈಗ ಹೊಸಬರನ್ನು ಪರೀಕ್ಷಿಸುವ ಆಕೆ ಚಿಗುಸಳನ್ನು ಆಗಲೇ ಎರಡು ಸಲ ಫೇಲು ಮಾಡಿದ್ದರು. ಒಂದು ತಪ್ಪಾದರೆ ಸಾಕು, ಹುಡುಗಿ ಬಾಗಿ ಬಾಗಿ ಕ್ಷಮೆ ಕೇಳುತ್ತಾ ಮುಂದಿನ ಎರಡು ದೇವಸ್ಥಾನಗಳ ವಿವರಣೆಯನ್ನೇ ತಪ್ಪಿಸಿಬಿಡುತ್ತಿದ್ದಳು. ಇವತ್ತೂ ಫೇಲಾದರೆ ಕಚೇರಿಯಲ್ಲಿ ಕೂತು ಫೋನ್ ಎತ್ತುವ ಕೆಲಸ. ಶಾಲೆಯ ಪ್ರವಾಸದಲ್ಲಿ ಒಬ್ಬ ಗೈಡಕ್ಕನನ್ನು ಕಂಡ ಹತ್ತನೇ ವಯಸ್ಸಿನಿಂದ ಅವಳಿಗೆ ಬೇರೇನೂ ಆಗಬೇಕೆನಿಸಿರಲಿಲ್ಲ.

ಅವಳ ಸೊಂಟ ಆಗಲೇ ಬಾಗತೊಡಗಿತ್ತು.

"ಯವ್ವಾ, ಎಷ್ಟ್ ಛಂದ ಐತಿ ಕ್ವಾಟಿ!" ಎಂದು ಮೂರನೇ ಸಾಲಿನಿಂದ ತೊಮೇಕೊ ಕೂಗಿದಳು. ತೆಂಗಾಚಾಯ ಕೇರಿಯ ಮಹಿಳಾ ಸಂಘದ ಅಧ್ಯಕ್ಷೆ ಅವಳು. ವಯಸ್ಸು ಎಪ್ಪತ್ತನಾಲ್ಕು, ಮೈಮೇಲೆ ಚಿರತೆ ಚುಕ್ಕೆಯ ಅಂಗಿ, ಹುಟ್ಟಿ ಬೆಳೆದದ್ದೆಲ್ಲ ಇದೇ ಊರಿನಲ್ಲಿ.

"ಬಾಗಿಲದಾಗ ಬೋರ್ಡ್ ಹಚ್ಯಾರ ನೋಡ, 'ಜಾಗ ಭರ್ತಿ' ಅಂತ," ಎಂದಳು ಪಕ್ಕದವಳು. "ಒಡೆಯರ ಮನಿಗೆ ಬೀಗರು ಬಂದಿರ್ಬೇಕು."

"ಕಾವಲುಗಾರನ್ನ ನೋಡ್ರಿ, ಕುರ್ಚಿ ಮ್ಯಾಲ ತೂಕಡಸಾಕತ್ಯಾನ. ಹಿಂಗಿದ್ರ ಕ್ವಾಟಿ ಬೀಳದೆ ಏನ್ ಮಾಡೀತು!"

ಎಲ್ಲರೂ ಫೋನ್ ತೆಗೆದು ಆ ಜಾಗದ ಫೋಟೋ ಹಿಡಿದರು. ಒಬ್ಬಳ ಮುಖದಲ್ಲೂ ನಗುವಿಲ್ಲ. ಈ ಊರೇ ಹಾಗೆ. ಗುರುತಿಲ್ಲದವನೊಬ್ಬ ಬರಿಗೈಯಲ್ಲಿ ಕತ್ತಿ ಬೀಸಿದಂತೆ ಮಾಡಿದರೂ ಎದುರಿನವನು ಅಯ್ಯೋ ಎಂದು ಸತ್ತುಬೀಳಬೇಕು, ಬೀಳದವನು ಒರಟ. ತೊತ್ತೊರಿಯ ಮಾತು ಕಡಿಮೆಯ ಮೀನುಗಾರರ ಹಳ್ಳಿಯಿಂದ ಬಂದ ಚಿಗುಸ ಎರಡು ವರ್ಷದಿಂದ ಇಂಥದ್ದಕ್ಕೆಲ್ಲ ಕ್ಷಮೆ ಕೇಳಿಯೇ ಕಾಲ ಹಾಕಿದ್ದಳು.

ಹೆಂಗಸರು ಅವಳ ಸರದಿಗಾಗಿ ಕಾಯುತ್ತಿದ್ದರು. ಹಿಂದಿನ ಸೀಟಿನಲ್ಲಿ ತೊಕುಯಾಮಾ ಮೇಡಂ ಪೆನ್ನಿನ ಮುಚ್ಚಳ ತೆಗೆದರು.

ಚಿಗುಸ ಅರ್ಧ ಬಾಗಿದ್ದ ಬೆನ್ನನ್ನು ನೆಟ್ಟಗೆ ಮಾಡಿದಳು.

"ಆ ಮೂಲೇಲಿ ಒಂದು ಬಿಳಿ ಕಾರು ಕಾಣ್ತಿದೆಯಲ್ಲ," ಎಂದಳು. "ಅದು ಒಡೆಯರ ಪಟ್ಟದ ಕುದುರೆ. ಎಲ್ಲಿ ನಿಲ್ಲಿಸಿದ್ದೆ ಅನ್ನೋದು ಮರೆತುಹೋಗಿ, ನಾನೂರು ವರ್ಷದಿಂದ ಒಡೆಯರು ಇನ್ನೂ ಹುಡುಕ್ತಾನೇ ಇದ್ದಾರೆ."

ನಲವತ್ತೆರಡು ಗಂಟಲುಗಳು ಒಟ್ಟಿಗೆ ನಕ್ಕವು. ಡ್ರೈವರನ ಭುಜಗಳೂ ಕುಲುಕುತ್ತಿದ್ದವು.

"ಹೀಂಗ್ ಮಾತಾಡ ನನ್ನವ್ವ! ಯಾವೂರಾಕಿ ನೀ?" ತೊಮೇಕೊ ಕಣ್ಣೊರೆಸಿಕೊಂಡಳು.

"ತೊತ್ತೊರಿ ಕಡೆಯವಳು, ಅಜ್ಜಿ."

"ಅಜ್ಜಿ ಯಾರ ಇಲ್ಲೆ? ಅಕ್ಕಾ ಅನ್ನು!"

ಪೆಪ್ಪರಮಿಂಟು ಹಿಡಿದ ಹತ್ತಾರು ಕೈಗಳು ಚಿಗುಸಳತ್ತ ಚಾಚಿದವು. ಅವಳು ಸಂತೋಷದಿಂದ ಒಂದೊಂದನ್ನೂ ಜೇಬಿಗಿಳಿಸಿದಳು. ಇಷ್ಟು ದಿನ ಈ ಊರು ತನ್ನನ್ನು ಗೇಲಿ ಮಾಡುತ್ತಿದೆ ಎಂದುಕೊಂಡಿದ್ದಳು; ಅದು ಆಟಕ್ಕೆ ಕರೆಯುತ್ತಿತ್ತು.

"ಇನ್ನು ಎಡಗಡೆ," ಎಂದಳು, "ಆಗಿನಿಂದ ಇನ್ನೊಂದು ಕಟ್ಟಡ ಕಾಯ್ತಾ ನಿಂತಿದೆ. ಪಾಪ, ಅದನ್ನೂ ಒಂದ್ಸಲ ನೋಡಿಬಿಡಿ."

ಕೋಟೆ ಸುತ್ತಿ ಎಲ್ಲರೂ ಮರಳಿ ಬಸ್ಸು ಹತ್ತಿದಾಗ ತೊಕುಯಾಮಾ ಮೇಡಂ ಮಾತ್ರ ಹತ್ತಲಿಲ್ಲ. ಬಾಗಿಲ ಕೆಳಗೆ ನಿಂತು ಅಂಕಪಟ್ಟಿಯನ್ನು ನಾಲ್ಕು ಮಡಿಕೆ ಮಾಡಿ ಕೈಚೀಲಕ್ಕೆ ಹಾಕುತ್ತಿದ್ದರು. ಚಿಗುಸ ಬಾಗಿಲಿಗೆ ಓಡಿದಳು.

"ಮೇಡಂ, ಇನ್ನೂ ನಾಲ್ಕು ಜಾಗ ಬಾಕಿ ಇದೆ. ಪರೀಕ್ಷೆ ಸಂಜೆವರೆಗೆ ಅಂತ..."

ಪುಸ್ತಕ ಓದಿದಂತೆ ಮಾತಾಡುವ ಹೆಂಗಸು ಅವತ್ತು ತಮ್ಮ ಕೇರಿಯ ಮಾತಿಗೇ ಇಳಿದರು. "ಅವನ್ನೆಲ್ಲ ನೀನ ತೋರಸ್ತಿ. ನಂದಿನ್ನ ಏನ್ ಕೆಲ್ಸ ಐತಿ ಇಲ್ಲೆ?" ಎಂದವರೇ ಪೈನ್ ಮರಗಳ ಸಾಲು ಹಿಡಿದು ರೈಲು ನಿಲ್ದಾಣದ ಕಡೆ ನಡೆದುಬಿಟ್ಟರು.

ಬಸ್ಸು ಹೊರಟಿತು. ಚಿಗುಸ ರಸ್ತೆಗೆ ಬೆನ್ನು ಕೊಟ್ಟು ನಿಂತು, ಉಸಿರು ಸರಿ ಮಾಡಿಕೊಂಡು ಮೈಕು ಎತ್ತಿದಳು. ಮೇಡಂ ಬಿಟ್ಟುಹೋದ ಕೊನೆಯ ಸೀಟಿನಲ್ಲಿ ತೊಮೇಕೊ ಬೂಟು ಕಳಚಿ, ಕಾಲು ಚಾಚಿ ಕೂತು, ಕಿತ್ತಳೆ ಸುಲಿಯುತ್ತಿದ್ದಳು.