ಇಪ್ಪತ್ತೊಂದನೆಯ ಹೆಜ್ಜೆ

ಅವರು ನಡೆಯುವಾಗ ಎರಡು ಪಾದಗಳ ನಡುವಿನ ಅಂತರ ಎಂದೂ ಬದಲಾಗುತ್ತಿರಲಿಲ್ಲ. ಹಾಲು ತರಲು ಹೋಗುವಾಗಲೂ, ಬೆನ್ನ ಹಿಂದೆ ಜಲ್ಲಿ ಲಾರಿ ಹಾರ್ನ್ ಹೊಡೆಯುವಾಗಲೂ, ಮಳೆ ಅಟ್ಟಿಸಿಕೊಂಡು ಬಂದಾಗಲೂ ಅದೇ ಎರಡೂವರೆ ಅಡಿ. ಅವಸರವಿದ್ದರೆ ಹೆಜ್ಜೆಗಳು ಬೇಗ ಬೇಗ ಬೀಳುತ್ತಿದ್ದವೇ ಹೊರತು ಒಂದಂಗುಲವೂ ಉದ್ದವಾಗುತ್ತಿರಲಿಲ್ಲ. ಸರ್ವೆ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಸರಪಳಿ ಎಳೆದವರು. ಅಂದರೆ ನೆಲ ಅಳೆಯುವ ಆ ಅರವತ್ತಾರು ಅಡಿಯ ಕಬ್ಬಿಣದ ಸರಪಳಿಯ ತುದಿ ಹಿಡಿದು, ಮುಳ್ಳು ಕೆಸರು ಸ್ಮಶಾನ ಎನ್ನದೆ ನೆಟ್ಟಗೆ ನಡೆದವರು. ನಿವೃತ್ತರಾದ ಮೇಲೆ ಕೈಯಿಂದ ಸರಪಳಿ ಹೋಯಿತು, ಕಾಲಿನಿಂದ ಹೋಗಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನವರಿಗೆಲ್ಲ ಅವರು 'ಸರಪಳಿಯವರು'.

ಕಚೇರಿ ಕೊಟ್ಟಿದ್ದ ಖಾಕಿ ಕೋಟನ್ನು ಅವರು ಬಿಡಲಿಲ್ಲ. ಗುರುತು ಹಾಕುವ ಸುಣ್ಣದ ಉಂಡೆಯನ್ನು ವರ್ಷಾನುವರ್ಷ ಹೊತ್ತು ಅದರ ಬಲಗಡೆಯ ಜೇಬು ಮುದಿ ಹಸುವಿನ ಕೆಚ್ಚಲಿನಂತೆ ಜೋತುಬಿದ್ದಿತ್ತು. ಯಾವ ಮಾತಾಡಿದರೂ ಕೊನೆಗೊಂದು ಮೊಳೆ ಹೊಡೆಯುತ್ತಿದ್ದರು: "ಅಳೆದೇ ಹೇಳ್ತಿದೀನಿ." ನಾಳೆ ಮಳೆ ಬರುತ್ತದೆ ಎನ್ನುವಾಗಲೂ ಅದೇ. ಒಮ್ಮೆ ನನ್ನ ಮಗಳಿಗೆ ಜ್ವರ ಬಂದು ನಾನು ಗೇಟಿನ ಬಳಿ ಆಟೋಗಾಗಿ ಚಡಪಡಿಸುತ್ತಿದ್ದಾಗ, "ಆಸ್ಪತ್ರೆ ಇಲ್ಲಿಂದ ಎಂಟುನೂರ ಹತ್ತು ಹೆಜ್ಜೆ ಕಣಮ್ಮ. ಆಟೋ ಬರೋದರೊಳಗೆ ಹೋಗಿ ಬರ್ತೀರಿ. ಅಳೆದೇ ಹೇಳ್ತಿದೀನಿ" ಎಂದರು. ಮಗುವನ್ನು ಎದೆಗವುಚಿಕೊಂಡು ಎಣಿಸುತ್ತಲೇ ನಡೆದೆ. ಎಣಿಸುವ ಗಡಿಬಿಡಿಯಲ್ಲಿ ಭಯಪಡಲು ಪುರುಸೊತ್ತಾಗಲಿಲ್ಲ.

ಅವರ ಜಾಗ ಎರಡು ಸರಪಳಿ ಉದ್ದದ, ಓಣಿಯಂಥ ಪಟ್ಟಿ. ಸುತ್ತಲಿನದೆಲ್ಲ ಮಾರಾಟವಾಗಿ ಮೂರು ಕಡೆ ಹದಿನೆಂಟು ಮಹಡಿಗಳ ಕಟ್ಟಡಗಳು ಎದ್ದ ಮೇಲೆ, ಆ ಹೆಂಚಿನ ಮನೆಗೆ ಬಿಸಿಲು ನೆಂಟರ ಹಾಗೆ ಮಧ್ಯಾಹ್ನ ಬಂದು ಕೂತು ಎದ್ದುಹೋಗುತ್ತಿತ್ತು. ಬಿಲ್ಡರ್ ಕಡೆಯ ಮನುಷ್ಯ ವಾರಕ್ಕೊಮ್ಮೆ ಬರುತ್ತಿದ್ದ.

"ಯಜಮಾನ್ರೇ, ನಿಮ್ಮ ಮನೆ ಹಲ್ಲಿನ ಸಂದೀಲಿ ಸಿಕ್ಕಿಕೊಂಡ ಕಾಳಿನ ಹಾಗಾಗಿದೆ."

"ಅದಕ್ಕೇ ನಿಮ್ಮ ನಾಲಿಗೆ ಇಲ್ಲಿಗೇ ಬಂದು ಬಂದು ಹೋಗ್ತದೆ."

"ಹದಿನಾಲ್ಕನೇ ಮಹಡೀಲಿ ಎರಡು ಫ್ಲಾಟು ಕೊಡ್ತೀವಿ, ಗಾಳಿ ಬೆಳಕು ಎಲ್ಲ ಇದೆ ಅಂತೀನಿ!"

"ಬೆಳಕು ತಗೊಂಡು ಅವಳೇನು ಮಾಡ್ತಾಳಪ್ಪ?"

'ಅವಳು' ಎಂದರೆ ಅವರ ಹೆಂಡತಿ. ಮದುವೆಯಾದ ಐದನೆಯ ವರ್ಷಕ್ಕೆ ಆಕೆಯ ಎರಡೂ ಕಣ್ಣು ಹೋಗಿದ್ದವು. ಆಮೇಲೆ ಕಟ್ಟಿದ ಮನೆ ಅದು, ಮತ್ತು ಅಡಿಪಾಯದಿಂದಲೇ ಆಕೆಯ ಹೆಜ್ಜೆಯಲ್ಲಿ ಅಳೆದು ಕಟ್ಟಿದ್ದು: ಹಾಸಿಗೆಯಿಂದ ಒಲೆಗೆ ಒಂಬತ್ತು, ಒಲೆಯಿಂದ ಹಿತ್ತಲ ಬಾಗಿಲಿಗೆ ಆರು, ಬಾಗಿಲಿನಿಂದ ಹಿಂಗೋಡೆಯ ನಲ್ಲಿಗೆ ಇಪ್ಪತ್ತೊಂದು. ಮಗು ಎಲ್ಲಿ ಗ್ರಿಲ್ಲು ಹತ್ತೀತೋ ಎಂದು ದಿನಕ್ಕೆ ಹತ್ತು ಸಲ ನಾಲ್ಕನೆಯ ಮಹಡಿಯ ಬಾಲ್ಕನಿಗೆ ಓಡುವ ನನಗೆ, ಕೆಳಗೆ ಕೊಡ ಹಿಡಿದು ತಲೆಯೆತ್ತಿ ಬಿರಬಿರನೆ ನಡೆವ ಆಕೆಯನ್ನು ಎರಡು ತಿಂಗಳು ನೋಡಿಯೂ ಆಕೆಗೆ ಕಣ್ಣಿಲ್ಲವೆಂದು ತಿಳಿಯಲಿಲ್ಲ. ಆ ಪಟ್ಟಿ ನೆಲದ ಹೊರಗೆ ಆಕೆ ಕುರುಡಿ; ಒಳಗೆ ಅಲ್ಲ. ಅವರು ಮಾರದೆ ಹಿಡಿದುಕೊಂಡಿದ್ದುದು ಇಷ್ಟನ್ನೇ.

ಆಮೇಲೆ ಅಗ್ನಿಶಾಮಕ ದಳದ ವಾಹನದ ಪ್ರಶ್ನೆ ಬಂತು. ನಮ್ಮ ಕಟ್ಟಡದ ಪಕ್ಕ ಅದು ತಿರುಗಲು ಒಂದಡಿ ಜಾಗ ಕಡಿಮೆ ಬೀಳುತ್ತದೆ, ಸರಪಳಿಯವರ ಹಿಂಗೋಡೆ ಗಡಿ ಮೀರಿದೆ, ಅಳತೆಯಾಗಲಿ ಎಂಬ ಅರ್ಜಿ ಮನೆಮನೆಗೆ ಬಂತು. ಬೆಂಕಿ, ಹೊಗೆ, ಮೆಟ್ಟಿಲು, ತೋಳಲ್ಲಿ ಮಗು: ಕಣ್ಣ ಮುಂದೆ ಎಲ್ಲವೂ ಹಾದುಹೋಗಿ, ಓದಿ ಮುಗಿಸುವ ಮೊದಲೇ ಸಹಿ ಹಾಕಿದೆ.

ಬಿಲ್ಡರಿನವರು ಯಂತ್ರ ತಂದು ಅಳೆದು, ಒಂದಡಿ ಹೆಚ್ಚಿದೆ ಎಂದರು. ಸರಪಳಿಯವರು ನಕ್ಕು, ಕೋಟು ತೊಟ್ಟು, ಹೊಸ ಟೇಪು ತರಿಸಿ, ಮುಂಗಡೆಯ ಗಡಿಗುರುತಿನ ಬಾಂದುಕಲ್ಲಿನಿಂದ ತಾವೇ ಅಳೆದರು. ನಾವೆಲ್ಲ ನೋಡುತ್ತಿದ್ದೆವು. ಮತ್ತೆ ಅಳೆದರು. ಮೂರನೆಯ ಸಲ ಹಿಂಗೋಡೆಯ ಬಳಿ ಕುಕ್ಕುರುಗಾಲಲ್ಲಿ ಕೂತು, ಟೇಪಿನ ಅಂಕಿಯ ಮೇಲೆ ಉಗುರಿಟ್ಟು ನೋಡಿದರು.

"ಹಳೇ ಸರಪಳಿ," ಎಂದರು ಕೊನೆಗೆ. "ವರ್ಷಗಟ್ಟಲೆ ಎಳೆದೂ ಎಳೆದೂ ಕೊಂಡಿಗಳು ಸವೀತವೆ. ಸವೆದಷ್ಟೂ ಸರಪಳಿ ಉದ್ದ ಆಗ್ತದೆ. ಪರೀಕ್ಷೆ ಮಾಡಿ ಹಿಡೀಬೇಕಿತ್ತು. ನನ್ನ ಸ್ವಂತ ಮನೆಗೆ ಅಳೆಯುವಾಗ ಮಾಡಲಿಲ್ಲ." ಎದ್ದು ನಿಂತು, "ನಿಮ್ಮದೇ ಸರಿ" ಎಂದು, ಜೇಬಿನ ಸುಣ್ಣದಿಂದ ತಮ್ಮ ನೆಲದ ಒಳಗೆ ಒಂದಡಿ ಬಿಟ್ಟು ತಾವೇ ಗೆರೆ ಎಳೆದರು. ವಾದಿಸಬಹುದಿತ್ತು, ಕೋರ್ಟಿಗೆ ಹೋಗಬಹುದಿತ್ತು. ಎಷ್ಟೋ ಜನ ಹೋಗುತ್ತಾರೆ. ಬಿಲ್ಡರ್ ಕಡೆಯವನೇ ತಬ್ಬಿಬ್ಬಾಗಿ ಮೊಬೈಲ್ ನೋಡತೊಡಗಿದ.

ಊರೆದುರು ತಪ್ಪೊಪ್ಪಿಕೊಂಡ ಆ ಮನುಷ್ಯನಿಗೆ ಹೆಂಡತಿಯೆದುರು ಬಾಯಿ ಬರಲಿಲ್ಲ. ಎರಡೇ ದಿನದಲ್ಲಿ ಹಳೆಯ ಗೋಡೆ ಬಿದ್ದು ಕಾಂಕ್ರೀಟ್ ಹಲಗೆಗಳ ಹೊಸ ಗೋಡೆ ಎದ್ದಿತು. ಗದ್ದಲವೇನೆಂದು ಆಕೆ ಕೇಳಿದಾಗ, "ಪಕ್ಕದವರ ಕೆಲಸ. ನಲ್ಲೀಲಿ ನೀರಿಲ್ಲ, ಆ ಕಡೆ ಹೋಗಬೇಡ" ಎಂದರಂತೆ. ಒಂದಡಿಯೆಂದರೆ ಆಕೆಯ ಹೆಜ್ಜೆಯಲ್ಲಿ ಪೂರ್ತಿ ಒಂದೂ ಅಲ್ಲ, ಅರ್ಧವೂ ಅಲ್ಲ. ಅದನ್ನು ಯಾವ ಎಣಿಕೆಗೆ ಸೇರಿಸಿ ಹೇಳುವುದು?

ನಾಲ್ಕನೆಯ ದಿನ ಬೆಳಿಗ್ಗೆ ಅವರು ಹಾಲಿಗೆ ಹೋಗಿದ್ದಾಗ, ನೀರು ಬಂದಿದೆಯೇ ನೋಡೋಣವೆಂದು ಆಕೆ ಕೊಡ ಹಿಡಿದು ಹೊರಟಳು. ಬಾಲ್ಕನಿಯಿಂದ ನಾನು ಕಂಡೆ. ಅದೇ ಬಿರುಸು, ಅದೇ ಎತ್ತಿದ ತಲೆ. "ಅಮ್ಮಾ, ನಿಲ್ಲಿ!" ಎಂದು ಕಿರುಚಿದೆ. ಪಕ್ಕದ ಕಟ್ಟಡದಲ್ಲಿ ಡ್ರಿಲ್ ಹೊಡೆಯುತ್ತಿತ್ತು. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು.

ನಾನು ಇಳಿದು ಬರುವಷ್ಟರಲ್ಲಿ ಅವರೂ ಬಂದು, ಕೋಟಿನ ತುದಿಯಿಂದ ಆಕೆಯ ಹಣೆ ಒತ್ತಿ ಹಿಡಿದಿದ್ದರು. ಆಕೆ ಅಳುತ್ತಿರಲಿಲ್ಲ. ಬೆರಳುಗಳಿಂದ ಗೋಡೆಯನ್ನು ಮೇಲಿನಿಂದ ಕೆಳಗೆ ತಡವುತ್ತ, ತೀರಾ ಮೆಲ್ಲಗೆ ಕೇಳಿದಳು: "ಇಪ್ಪತ್ತೊಂದು ಅಂತ ನೀವೇ ಅಲ್ವಾ ಹೇಳಿದ್ದು?"

ಗಾಯ ಎಂಟು ದಿನಕ್ಕೆ ಮಾಯಿತು. ಆದರೆ ಆಕೆ ಮತ್ತೆ ಎಣಿಸಲಿಲ್ಲ. ಹಾಸಿಗೆಯಿಂದ ಒಲೆಗೂ ಗೋಡೆ ಸವರಿಕೊಂಡು, ಕಾಲು ತೆವಳಿಸುತ್ತ ಹೋಗುವಳು. ಒಂಬತ್ತು ಒಂಬತ್ತಾಗಿಯೇ ಉಳಿದಿತ್ತು, ನಂಬುವವಳು ಇರಲಿಲ್ಲ. ಆಮೇಲೆ ಅವರಿಗೆ ಮಾರದಿರಲು ಕಾರಣವೂ ಉಳಿಯಲಿಲ್ಲ. ಹೊರಡುವ ದಿನ ಗೇಟಿನ ಬಳಿ ಸಿಕ್ಕಾಗ, ಸಹಿಯ ವಿಷಯ ಹೇಳಬೇಕೆಂದು ಹೋದ ನಾನು, "ಹೊಸ ಮನೆ ದೂರವೇ?" ಎಂದು ಮಾತ್ರ ಕೇಳಿದೆ.

"ಏನೋ ಅಮ್ಮ," ಎಂದರು ಅವರು. "ಅಂದಾಜು ಒಂದೆರಡು ಮೈಲಿ ಇರಬಹುದು."

ಮಾರುವುದಿಲ್ಲವೆಂದು ಕೂತವರನ್ನು ನಾವು ಹಟಮಾರಿಗಳೆನ್ನುತ್ತೇವೆ. ಅವರು ಹಿಡಿದುಕೊಂಡಿರುವುದು ನೆಲವನ್ನಲ್ಲ, ಆ ನೆಲದ ಮೇಲೆ ಒಬ್ಬರಿಗೆ ಕೊಟ್ಟ ಒಂದು ಮಾತನ್ನು. ಅಂಥವರನ್ನು ಎಬ್ಬಿಸಲು ದುಡ್ಡೂ ಬೇಡ, ದರ್ಪವೂ ಬೇಡ. ಅವರ ಮಾತು ಒಂದಡಿ ಸುಳ್ಳೆಂದು ತೋರಿಸಿದರೆ ಸಾಕು, ತಾವಾಗಿಯೇ ಎದ್ದು ಹೋಗುತ್ತಾರೆ. ಅಗ್ನಿಶಾಮಕ ವಾಹನ ಇಂದಿಗೂ ಬಂದಿಲ್ಲ. ಅದು ತಿರುಗಬೇಕಾದ ಜಾಗದಲ್ಲಿ ನಮ್ಮವರು ಕಾರು ನಿಲ್ಲಿಸುತ್ತಾರೆ.