ಸಾವಳಗಿ ಕೆರೆಯ ಮೇಲಿನ ದಿಬ್ಬ

ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ಜ್ವರದಲ್ಲಿ ಸುಪಾರ್ಶ್ವನ ಹೆಂಡತಿ ಅನುಸೂಯಾ ತೇರದಾಳದ ಮನೆಯಲ್ಲಿ ತೀರಿಕೊಂಡಳು. ಅವನು ಆಗ ಪುಣೆಯಲ್ಲಿ ತೋಟಗಾರಿಕೆ ಕಲಿಯುತ್ತಿದ್ದ. ಸುದ್ದಿ ತಿಳಿದು ಊರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನ ಅಕ್ಕ, ವಿಧವೆ ಅಕ್ಕವ್ವ, ಬಾಗಿಲಲ್ಲೇ ಅವನನ್ನು ಹಿಡಿದುಕೊಂಡು ಅತ್ತಳು. ಅವನು ಕಾಲು ತೊಳೆದು ಒಳಗೆ ಹೋದ. ಹಗ್ಗದ ಮೇಲೆ ಅನುಸೂಯಾಳ ಸೀರೆಯೊಂದು ಹಾಗೇ ಇತ್ತು. ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟ. ದುಃಖ ನಾಳೆ ಬಂದೀತು ಎಂದುಕೊಂಡ. ಕೆಲವು ತಿಂಗಳಾದ ಮೇಲೆ ಹಾಗೆ ಅಂದುಕೊಳ್ಳುವುದನ್ನೂ ಬಿಟ್ಟ.

ಕಲಿಕೆ ಮುಗಿದ ಮೇಲೆ ಜಮಖಂಡಿ ಸಂಸ್ಥಾನದಲ್ಲಿ ಕೆಲಸ ಸಿಕ್ಕಿತು. ಸಾವಳಗಿಯ ಹೊರಗಿನ ಕೆರೆಯ ದಂಡೆಯಲ್ಲಿ ಒಂದು ಬಗೀಚಾ ಮಾಡಬೇಕೆಂದು ಕಾರಭಾರಿಗಳು ಅಪ್ಪಣೆ ಕೊಟ್ಟರು. ಗುಲಾಬಿ, ಕ್ರೋಟನ್, ನಡುವೆ ಒಂದು ಕಾರಂಜಿ, ಸುತ್ತ ತಂತಿಬೇಲಿ. ಹೇಳಿದಂತೆ ಸುಪಾರ್ಶ್ವ ನಕಾಶೆ ಬರೆದ, ಬರೆದಂತೆ ನೆಡಿಸಿದ.

ಅದು ಹೆಸರಿಗಷ್ಟೇ ಕೆರೆ. ಮೇಲಿನ ದಿಬ್ಬದ ಗಿಡಗಳೆಲ್ಲ ಯುದ್ಧದ ವರ್ಷಗಳಲ್ಲಿ ಸೌದೆಗೂ ಸುಣ್ಣದ ಭಟ್ಟಿಗೂ ಹೋಗಿದ್ದವು. ಮಳೆ ಬಂದರೆ ನೀರಿಗಿಂತ ಮಣ್ಣೇ ಹೆಚ್ಚು ಇಳಿದು ಬರುತ್ತಿತ್ತು. ಸಂಕ್ರಾಂತಿ ಕಳೆಯುತ್ತಲೇ ಕೆರೆ ಬತ್ತಿತು, ಶಿವರಾತ್ರಿಯ ಹೊತ್ತಿಗೆ ಗುಲಾಬಿ ಒಣಗಿ ಕಡ್ಡಿಯಾಯಿತು. ಸುಪಾರ್ಶ್ವ ಅವುಗಳ ನಡುವೆ ನಡೆದಾಡಿದ. ಕೆಡುಕೆನಿಸಲಿಲ್ಲ.

ಅಗೆಯುವ ಕೆಲಸಕ್ಕೆ ಬರುತ್ತಿದ್ದ ಹೆಂಗಸರಲ್ಲಿ ಶಂಕ್ರೆವ್ವ ಎಂಬುವಳಿದ್ದಳು. ಒಂದು ದಿನ ಬುಟ್ಟಿ ಕೆಳಗಿಟ್ಟು ಅವಳು ಹೇಳಿದಳು:

"ಸಾಹೇಬ್ರ, ಈ ಬೇಲಿ ಆದಾಗಿಂದ ನೀರಿಗೆ ಸುತ್ತ ಹಾಕಿ ಹೋಗಬೇಕಾಗೇತ್ರಿ. ಮೊದಲ ಇಲ್ಲಿ ಹೆಣ್ಮಕ್ಕಳು ಕುಂದರತಿದ್ರು. ಈಗ ಯಾರೂ ಬರಂಗಿಲ್ಲ."

"ಕುಂತು ಏನ್ ಮಾಡತಿದ್ರಿ?"

"ಏನಿಲ್ರಿ. ಕುಂದರತಿದ್ವಿ."

ಆ ಮಾತು ಅವನ ತಲೆಯಲ್ಲಿ ಉಳಿಯಿತು. ಮರುದಿನ ಅವನು ಹೊಸ ಕಾಗದ ಹಿಡಿದು ದಿಬ್ಬ ಹತ್ತಿದ. ಕೆಲಸ ಮಾಡಬೇಕಿತ್ತು, ಮಾಡಿದ. ಹೊಸ ನಕಾಶೆಯಲ್ಲಿ ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಸಾಲು, ಸಾಲಿನ ಹಿಂದೆ ನೀರು ನಿಲ್ಲುವಂಥ ಕಾಲುವೆ, ಕಾಲುವೆಯ ಅಂಚಿಗೆ ಬೇವು, ಬನ್ನಿ, ಬಾರಿಹಣ್ಣು, ಅತ್ತಿಯ ಗಿಡ. ಉಳಿದದ್ದಕ್ಕೆ ಏನೂ ಬೇಡ, ಹುಲ್ಲು ತಾನೇ ಬರಲಿ. ಕೆರೆಯ ಒಂದು ಮಗ್ಗುಲಿನ ಕೆಸರು ಹಕ್ಕಿಗಳಿಗೆ. ಇನ್ನೊಂದು ಮಗ್ಗುಲಿಗೆ ಊರಿನಿಂದ ನೇರವಾಗಿ ಇಳಿಯುವ ದಾರಿ, ಅದರ ಬದಿಗೆ ಹೊಂಗೆ ಗಿಡಗಳು, ಕೂರಲು ಕಟ್ಟೆ. ಬೇಲಿ ಇಲ್ಲ.

ಕಾರಭಾರಿಗಳು ನಕಾಶೆಯನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದಕ್ಕ ಬಗೀಚಾ ಅಂತಾರೇನು? ಇದು ಅಡವಿ."

"ಅಡವೀನ ಇತ್ರಿ ಮೊದಲ. ಅದು ಬಂದ್ರ ಕೆರಿ ಉಳೀತೈತಿ."

"ಕಾರಂಜಿ ಎಲ್ಲಿ?"

"ನೀರಿಲ್ರಿ."

ಅವರಿಗೆ ನಗು ಬಂತು. ಗುಲಾಬಿಗೆ ನೀರು ಹೊರಿಸುವ ತಾಪತ್ರಯ ತಪ್ಪುತ್ತದೆಂದೋ ಏನೋ, ಒಪ್ಪಿದರು.

ದಿಬ್ಬದ ಮೇಲೆ ಮೇಯಿಸಬಾರದೆಂದು ಡಂಗುರವಾಯಿತು. ಮಳೆಗಾಲಕ್ಕೆ ಸಸಿ ನೆಟ್ಟರು, ಹುಲ್ಲು ಹಸಿರಾಯಿತು. ದಸರಾ ಮುಗಿದು ವಾರ ಕಳೆದಿರಲಿಲ್ಲ, ಒಂದು ಬೆಳಿಗ್ಗೆ ಸುಪಾರ್ಶ್ವ ಹೋಗಿ ನೋಡಿದರೆ ದಿಬ್ಬದ ತುಂಬ ಕುರಿ. ಸಸಿಗಳ ತಲೆಗಳೆಲ್ಲ ಹೋಗಿದ್ದವು. ಕುರಿಗಳ ನಡುವೆ ಕೋಲು ಊರಿ ಹುಲೆಪ್ಪ ನಿಂತಿದ್ದ. ಅವನು ಊರಿನ ಕುರುಬರ ಹಿರಿಯ. ತಡೆಯಲು ಬಂದರೆ ಬಡಿದಾಡುವುದೆಂದೇ ಅಣ್ಣತಮ್ಮಂದಿರನ್ನು ಜೊತೆಗೆ ಕರೆತಂದಿದ್ದ.

ಸುಪಾರ್ಶ್ವ ಒಂದು ಬೇವಿನ ಸಸಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದ. ಬುಡ ಹಸಿಯಾಗಿತ್ತು.

"ಇದು ಚಿಗೀತೈತಿ," ಅಂದ.

ಹುಲೆಪ್ಪ ಕಾದ. ಸುಪಾರ್ಶ್ವ ಪಕ್ಕದ ಸಸಿಯ ಬುಡ ಮುಟ್ಟಿ ನೋಡಿದ.

"ನಿಮಗ ಸಿಟ್ಟ ಬಂದಿಲ್ಲೇನ್ರಿ?"

"ಇಲ್ಲ."

"ಯಾಕ್ರಿ?"

"ಗೊತ್ತಿಲ್ಲಪಾ. ಯಾವದಕ್ಕೂ ಬರವಲ್ದು."

ಬಡಿದಾಟಕ್ಕೆ ಬಂದವರು ಏನು ಮಾಡಬೇಕೆಂದು ತಿಳಿಯದೆ ನಿಂತರು. ಹುಲೆಪ್ಪನ ದನಿ ತಗ್ಗಿತು. "ನಮ್ಮ ಕುರಿ ನೀರಿಗೆ ಹೋಗೂ ದಾರಿ ಇದ ಐತ್ರಿ. ನಮ್ಮ ಮುತ್ಯಾನ ಕಾಲದಿಂದ. ನೀವು ಹೆಣ್ಮಕ್ಕಳಿಗೆ ದಾರಿ ಬಿಟ್ರಿ, ಹಕ್ಕಿಗೆ ಜಾಗಾ ಬಿಟ್ರಿ. ನಮ್ಮನ್ನ ಮರತ್ರಿ."

"ಹೌದು, ಮರತೆ," ಅಂದ ಸುಪಾರ್ಶ್ವ. ಅಲ್ಲೇ ಬಂಡೆಯ ಮೇಲೆ ನಕಾಶೆ ಹರವಿದ. "ಎಲ್ಲಿಂದ ಎಲ್ಲಿಗೆ, ತೋರಿಸು."

ಹುಲೆಪ್ಪ ಕೋಲಿನ ತುದಿಯಿಂದ ಗೆರೆ ಎಳೆದ. ಆ ಗೆರೆಯಗುಂಟ ಅಗಲವಾದ ದಾರಿ ಬಿಟ್ಟು, ಎರಡೂ ಬದಿಗೆ ಜಾಲಿಮುಳ್ಳು ಒಟ್ಟಿದರು. ಒಟ್ಟಿದವರು ಕುರುಬರೇ. ಕಲ್ಲಿನ ಸಾಲುಗಳ ನಡುವಿನ ಹುಲ್ಲನ್ನು ಸರದಿಯ ಮೇಲೆ ಕೊಯ್ದುಕೊಳ್ಳುವುದೆಂದೂ ಮಾತಾಯಿತು. ಆಮೇಲೆ ದಿಬ್ಬಕ್ಕೆ ಕುರಿ ನುಗ್ಗಲಿಲ್ಲ.

ವರ್ಷಗಳು ಹೋದವು. ಕೆರೆಯ ನೀರು ಯುಗಾದಿ ದಾಟಿ ಉಳಿಯತೊಡಗಿತು. ಕೆಸರಿನ ಕಡೆ ಆಪುಹುಲ್ಲು ಬೆಳೆಯಿತು, ಚಳಿಗಾಲಕ್ಕೆ ಬಾತುಗಳು ಬಂದಿಳಿದವು. ಹುಲ್ಲಿನಲ್ಲಿ ಕೌಜುಗ ಹಕ್ಕಿಗಳು ಕೂಗುತ್ತಿದ್ದವು. ಒಂದು ಮುಂಜಾನೆ ಚಿಗರಿಗಳ ಹಿಂಡು ದಿಬ್ಬದ ನೆತ್ತಿಯ ಮೇಲೆ ನಿಂತಿತ್ತು. ಊರಿನವರು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದು ನೋಡಿದರು. ಸುಪಾರ್ಶ್ವನೂ ನೋಡಿದ. ಛಲೋ ಆಯಿತು ಎಂದು ಅವನಿಗೆ ಗೊತ್ತಿತ್ತು. ಅಷ್ಟೇ, ಗೊತ್ತಿತ್ತು.

ಹೊಂಗೆ ನೆರಳು ಕೊಡುವಷ್ಟಾದ ಬೇಸಿಗೆಯಲ್ಲಿ ಶಂಕ್ರೆವ್ವ ಒಬ್ಬಳೇ ಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. ಅವನು ಹಿಂದಿರುಗಲು ನೋಡಿದ. ಅವಳೇ ಕರೆದಳು.

"ಬರ್ರಿ ಸಾಹೇಬ್ರ, ಏನಿಲ್ಲ. ಆ ಜ್ವರದಾಗ ನನ್ನ ಎರಡೂ ಕೂಸು ಹ್ವಾದುವ್ರಿ. ಮನ್ಯಾಗ ಅತ್ತೀ ಮುಂದ ಅಳಾಕ ಬರತಿರಲಿಲ್ಲ. ಇಲ್ಲಿ ಬರತೈತಿ."

ಅವನು ಕಟ್ಟೆಯ ಆ ತುದಿಗೆ ಕೂತ.

"ನಿಮ್ಮ ಮನಿಯವರೂ ಅದರಾಗ ಹ್ವಾದ್ರಂತ. ಹೆಸರೇನಿತ್ರಿ?"

"ಅನುಸೂಯಾ."

ಎಷ್ಟೋ ವರ್ಷದ ಮೇಲೆ ಆ ಹೆಸರು ಅವನ ಬಾಯಿಂದ ಹೊರಬಂದಿತ್ತು. ಗಿಡದ ಹೆಸರು ಹೇಳಿದಂತೆ ಕೇಳಿಸಿತು. ಅವನು ಇನ್ನೊಮ್ಮೆ, ಸಣ್ಣಗೆ, ತನಗಷ್ಟೇ ಹೇಳಿಕೊಂಡ. ಶಂಕ್ರೆವ್ವ ಮೂಗು ಒರೆಸಿಕೊಂಡು ಕೊಡ ಎತ್ತಿಕೊಂಡು ಹೋದಳು. ಅವನು ಬಿಸಿಲು ಏರುವವರೆಗೂ ಕೂತಿದ್ದ.

ಆ ಮಳೆಗಾಲದ ಮುಂಚೆ ಅಕ್ಕವ್ವ ಗಾಡಿ ಮಾಡಿಕೊಂಡು ಬಂದಳು. ರಬಕವಿಯ ಕಡೆ ಒಂದು ಹೆಣ್ಣಿದೆ, ನೋಡಿಕೊಂಡು ಬರೋಣ ಎನ್ನುವುದು ಅವಳ ಮಾತು. ಅವನು ಅವಳನ್ನು ದಿಬ್ಬದ ಮೇಲೆ ಕರೆದೊಯ್ದ. ಅವಳು ಇರುವೆ ತುಳಿಯದಂತೆ ಕೆಳಗೆ ನೋಡುತ್ತ ನಡೆದಳು, ನೆತ್ತಿಯ ಮೇಲೆ ನಿಂತು ಕೆರೆಯನ್ನು ನೋಡಿದಳು.

"ಎಷ್ಟ ಜೀವ ಅದಾವೋ ಇಲ್ಲಿ," ಅಂದಳು. ಆಮೇಲೆ ಅವನತ್ತ ತಿರುಗಿ, "ಹೆಣ್ಣಿನ ಮನಿಯವರಿಗೆ ಏನ್ ಹೇಳ್ಲಿ?"

"ಬ್ಯಾಡ ಅನ್ನು. ಆ ಹುಡಿಗಿ ಬಂದು ನನ್ನಂಥವನ ಕೂಡ ಏನ್ ಮಾಡ್ಯಾಳು?" ಮತ್ತೆ ಅಂದ, "ಅಕ್ಕಾ, ಈ ಮಳಿಗಾಲ ನೀ ಇಲ್ಲೇ ಇರು."

"ಯಾಕೋ?"

"ಒಬ್ಬನ ಇರಾಕ ಬ್ಯಾಸರ ಆಗತೈತಿ."

ಹೇಳಿದ ಮೇಲೆ ಅವನಿಗೇ ವಿಚಿತ್ರವೆನಿಸಿತು. ಖರೆ, ಬೇಸರವಾಗುತ್ತಿತ್ತು. ಯಾವಾಗಿನಿಂದ ಎಂದು ತಿಳಿಯಲಿಲ್ಲ.

ಅಕ್ಕವ್ವ ಅವನ ಮುಖ ನೋಡಿದಳು. ಇಳಿದು ಬಂದವಳು ಅವನ ಒಲೆಯಿಲ್ಲದ ಒಂಟಿ ಕೋಣೆಯೊಳಗೆ ಇಣುಕಿ, ಸೆರಗು ಸೊಂಟಕ್ಕೆ ಸಿಗಿಸಿದಳು.

"ಒಲಿ ಎಲ್ಲಿ ಹಾಕೂಣು?"

ಗಾಳಿ ಎತ್ತಣಿಂದ ಬೀಸುತ್ತದೆಂದು ಸುಪಾರ್ಶ್ವ ಯೋಚಿಸಿದ. ಆಮೇಲೆ ಹೊರಗೆ ಹೋಗಿ ಒಲೆಗೆ ಕಲ್ಲು ಆರಿಸತೊಡಗಿದ.